ಗುರುವಿನ ಕೆನ್ನೆಯ ಚುಕ್ಕೆ

ಫೋಟೋ ಸ್ಟುಡಿಯೋದ ಯಜಮಾನರ ಕೈಗೆ ಸಿಕ್ಕ ಮುಖ ಇದ್ದಹಾಗೆ ಹೊರಗೆ ಹೋದದ್ದೇ ಇಲ್ಲ. ಮೊಡವೆ, ಕಲೆ, ಸುಕ್ಕು ಎಲ್ಲ ಮಾಯ. ಅವರು ತೆಗೆದ ಪಾಸ್‌ಪೋರ್ಟ್ ಫೋಟೋ ನೋಡಿ ಬೀಗದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ.

ಅವರ ಮಾತು ಕೇಳದ ಮುಖ ಒಂದೇ, ಗುರುಗ್ರಹದ್ದು. ದೂರದರ್ಶಕಕ್ಕೆ ಪುಟ್ಟ ಕ್ಯಾಮೆರಾ ಸಿಕ್ಕಿಸಿ ತಾರಸಿಯಿಂದ ಗ್ರಹಗಳ ಫೋಟೋ ತೆಗೆಯುವ ಹುಚ್ಚು ಹಿಡಿದು ನಾಲ್ಕು ವರ್ಷವಾಗಿತ್ತು. ಆದರೆ ನೆಲಮಹಡಿಯಲ್ಲಿ ಬೇಕರಿ. ಅದರ ಚಿಮಣಿಯ ಬಿಸಿಗಾಳಿ ಸರಿಯಾಗಿ ದೂರದರ್ಶಕದ ಮೂತಿಯ ಮುಂದೆಯೇ ಏಳುತ್ತಿತ್ತು. ಗುರು ಕುದಿಯುವ ಪಾತ್ರೆಯೊಳಗಿನ ಆಲೂಗಡ್ಡೆಯ ಹಾಗೆ ಕುಣಿಯುತ್ತಿದ್ದ. ಹವ್ಯಾಸಿ ಖಗೋಳ ಸಂಘದ ಪ್ರದರ್ಶನಕ್ಕೆ ಕಳಿಸಿದ ಫೋಟೋ ಮೂರು ಸಲವೂ 'ಮಸುಕು' ಅನ್ನಿಸಿಕೊಂಡು ವಾಪಸು ಬಂದಿತ್ತು. ಫೋಟೋ ತೆಗೆದೇ ಹೊಟ್ಟೆ ಹೊರೆಯುವವರಿಗೆ ಇದಕ್ಕಿಂತ ಅವಮಾನ ಬೇಕೆ? ಈ ಸಲ ಪ್ರದರ್ಶನದಲ್ಲಿ ತಮ್ಮದೂ ಇರಲೇಬೇಕೆಂದು ಹಟ ಹಿಡಿದರು.

ಸಂಘದವರು ಈ ವರ್ಷ ಕೇಳಿದ್ದು, ಗುರುವಿನ ಮೇಲೆ ಅದರ ಚಂದ್ರರಲ್ಲೊಂದರ ನೆರಳು ಹಾದುಹೋಗುವ ಚಿತ್ರ. ಅದು ಕಾಣುವ ಸಂಜೆ ಗೊತ್ತಾದದ್ದೇ ತಡ, ಬೇಕರಿಯವನ ಮುಂದೆ ಹೋಗಿ ನಿಂತರು.

"ಅವತ್ತೊಂದಿನ ಆರಕ್ಕೇ ಓವನ್ ಆರಿಸ್ತೀರಾ?"

"ಯಾಕೆ, ಗುರುಬಲ ಕಮ್ಮಿ ಆಯ್ತಾ ನಿಮ್ಗೆ?" ಬೇಕರಿಯವನು ನಕ್ಕ. "ನನ್ನ ಬೋಳುತಲೆ ಹೊಳೀದ ಹಾಗೆ ಒಂದು ಫೋಟೋ ತೆಗೆದುಕೊಡಿ, ಆರಿಸ್ತೀನಿ."

ಓವನ್ ಆರಿತು, ಗಾಳಿ ತಣಿಯಿತು. ತೆಗೆದ ವಿಡಿಯೋದ ಹತ್ತು ಸಾವಿರ ಫ್ರೇಮುಗಳಲ್ಲಿ ಅಲುಗಾಡದ ಐನೂರನ್ನು ಕಂಪ್ಯೂಟರಿನಲ್ಲಿ ಆರಿಸಿ, ಒಂದರ ಮೇಲೊಂದು ಕೂಡಿಸಿದಾಗ ಗುರುವಿನ ಪಟ್ಟೆಗಳು ಎದ್ದು ಕಂಡವು. ಖುಷಿಗೆ ಅವರ ಕಣ್ಣು ಒದ್ದೆಯಾಯಿತು. ಒಂದಿಷ್ಟು ತಿದ್ದಿ ತೀಡಿ ಕಳಿಸಿ, ಗಡದ್ದಾಗಿ ನಿದ್ದೆ ಮಾಡಿದರು.

ಮರುದಿನ ಮಧ್ಯಾಹ್ನ ಸಂಘದ ಕಾರ್ಯದರ್ಶಿಯ ಫೋನು ಬಂತು. "ಫೋಟೋ ಬಹಳ ಚೆನ್ನಾಗಿದೆ ಸಾರ್. ಆದ್ರೆ ನೆರಳೆಲ್ಲಿ? ಅಲ್ಲೊಂದು ಕಪ್ಪು ಚುಕ್ಕೆ ಇರ್ಬೇಕಿತ್ತಲ್ಲ. ಐದರೊಳಗೆ ಸರಿಯಾದ್ದು ಕಳ್ಸಿ."

ಅವರು ಕಂಪ್ಯೂಟರಿನತ್ತ ಓಡಿದರು. ಚುಕ್ಕೆ ಇತ್ತು. ಕೆನ್ನೆಯ ಮೇಲೆ ಕಪ್ಪು ಕಂಡ ಕೂಡಲೇ ಮೂವತ್ತು ವರ್ಷ ಪಳಗಿದ ಕೈ ತನ್ನ ಪಾಡಿಗೆ ಅದನ್ನು ಅಳಿಸಿಹಾಕಿತ್ತು.

ಪುಣ್ಯಕ್ಕೆ ವಿಡಿಯೋ ಉಳಿದಿತ್ತು. ಮೊದಲಿನಿಂದ ಶುರುಮಾಡಿದರು. ಬೆನ್ನ ಹಿಂದೆ ನಿಂತಿದ್ದ ಹೆಂಡತಿಗೆ ನಡೆದದ್ದನ್ನೂ ಹೇಳಿದರು.

"ಮದುವೆಯಾದ ಹೊಸದ್ರಲ್ಲಿ ನನ್ನ ಗಲ್ಲದ ಮಚ್ಚೆನೂ ಹೀಗೇ ಅಳಿಸಿದ್ರಿ," ಎಂದಳು ಅವಳು. "ನಾನೇನು ಕೇಳಿದ್ನಾ? ಆ ಮಚ್ಚೆ ಅಂದ್ರೆ ನಮ್ಮಮ್ಮಂಗೆ ಪ್ರಾಣ."

ಇಪ್ಪತ್ತಾರು ವರ್ಷದಿಂದ ಗೋಡೆಯ ಮೇಲಿನ ಆ ಫೋಟೋದ ಧೂಳು ಒರೆಸುತ್ತ ಬಂದವಳು ಇವಳು. ಒಂದು ದಿನವೂ ಹೇಳಿರಲಿಲ್ಲ. ಅವರಿಗೆ ತುಂಬ ನಾಚಿಕೆಯಾಯಿತು.

ಐದಕ್ಕೆ ಹತ್ತು ನಿಮಿಷವಿರುವಾಗ ಗುರು ಚುಕ್ಕೆಸಮೇತ ಹೊರಟ. 'ಈ ಸಲ ಖಂಡಿತ' ಎಂದು ಕಾರ್ಯದರ್ಶಿಯ ಉತ್ತರವೂ ಬಂತು. ಅದನ್ನು ಎರಡನೇ ಸಲ ಓದುವುದಕ್ಕೂ ನಿಲ್ಲದೆ ಅವರು ಹೆಂಡತಿಯನ್ನು ಸ್ಟುಡಿಯೋದ ಸ್ಟೂಲಿನ ಮೇಲೆ ಕೂರಿಸಿ ಫೋಟೋ ತೆಗೆದರು. ಕೂದಲೆಳೆಯಷ್ಟೂ ತಿದ್ದದೆ ಪ್ರಿಂಟ್ ಹಾಕಿ ಕೈಗಿಟ್ಟರು.

ಅವಳು ಬಹಳ ಹೊತ್ತು ನೋಡಿದಳು. ಹಳೆಯ ಫೋಟೋ ಇಳಿಸಿ, ಆ ಮೊಳೆಗೇ ಇದನ್ನು ತೂಗುಹಾಕಿದಳು.

"ಮಚ್ಚೆ ಬಿಟ್ರಿ, ಸರಿ," ಎಂದಳು. "ನೆರೆಕೂದಲನ್ನಾದ್ರೂ ಅಳಿಸ್ಬಾರ್ದಿತ್ತಾ?"