ಅಕ್ಕಿಯ ಮೇಲಿನ ಇನಾಯಾ

ನಮ್ಮ ಕಡೆ ನಾಮಕರಣದ ದಿನ ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳುವುದು ಸೋದರತ್ತೆಯ ಹಕ್ಕು. ನನ್ನ ತಮ್ಮನಿಗೆ ಮದುವೆಯಾಗಿ ಒಂಬತ್ತು ವರ್ಷಕ್ಕೆ ಮಗಳು ಹುಟ್ಟಿದಾಗ ನನ್ನನ್ನು ಹಿಡಿಯುವವರೇ ಇರಲಿಲ್ಲ. ಕೃತ್ತಿಕೆಯ ಎರಡನೇ ಪಾದ, ‘ಇ’ ಅಕ್ಷರದ ಹೆಸರಾಗಬೇಕು ಎಂದರು ಜೋಯಿಸರು. ಅವ್ವ ‘ಈಶ್ವರಿ’ ಎಂದಳು, ನಾನು ಮೂಗು ಮುರಿದೆ. ‘ಇಂಚರ’ ಇಡೋಣವೆಂದರೆ ಚನ್ನರಾಯಪಟ್ಟಣದ ನಮ್ಮ ಬೀದಿಯೊಂದರಲ್ಲೇ ಮೂವರಿದ್ದಾರೆ. ಮೊಬೈಲ್ ತಡಕಾಡಿ ಕಡೆಗೂ ಒಂದು ಹೆಸರು ಹಿಡಿದೆ: ಇನಾಯಾ. ‘ಸಂಸ್ಕೃತ ಮೂಲ, ಅರ್ಥ ದೇವರ ಕೊಡುಗೆ’ ಎಂದು ಪಕ್ಕದಲ್ಲೇ ಬರೆದಿತ್ತು. ನೆಂಟರಿಗೆಲ್ಲ ಫೋನು ಮಾಡಿ ಆ ಸಂಸ್ಕೃತವನ್ನು ವಿವರಿಸಿದ್ದೂ ಆಯಿತು.

ಮಗು ತಿಂಗಳು ತುಂಬುವ ಮೊದಲೇ ಹುಟ್ಟಿತ್ತು. ಹಾಸನದ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದರು. ತಮ್ಮನ ಹೆಂಡತಿ ದಿನಕ್ಕೊಮ್ಮೆ ಗಾಜಿನ ಹತ್ತಿರ ನಿಂತು ‘ಇನಾಯಾ, ಇನಾಯಾ’ ಎಂದು ಕರೆಯುತ್ತಿದ್ದಳು. ಕರೆಯುವುದನ್ನು ಬಿಟ್ಟರೆ ಮಗುವಿಗೆ ಏನೋ ಆಗಿಬಿಡುತ್ತದೆ ಎಂಬ ಭಯ ಅವಳಿಗೆ. ಉಳಿದ ಹೊತ್ತೆಲ್ಲ ಆ ಕೋಣೆಯ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತವಳು ಅವ್ವ. ಎದೆಹಾಲಿನ ಪುಟ್ಟ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಒಳಗೆ ಕೊಡುತ್ತಿದ್ದಳು. ನರ್ಸು ‘ಅಜ್ಜಿ, ಮನೆಗೆ ಹೋಗಿ ಮಲಗಿ’ ಅಂದರೆ, ‘ಡ್ಯೂಟಿ ಬದ್ಲಾಯ್ಸೋರು ನೀವು ಕಣವ್ವ, ನಂಗೆಲ್ಲೈತೆ’ ಎನ್ನುತ್ತಿದ್ದಳಂತೆ. ನಾನು ಭಾನುವಾರ ಭಾನುವಾರ ಬಸ್ಸು ಹತ್ತಿ ಮೋಸಂಬಿ ತೆಗೆದುಕೊಂಡು ಹೋಗುತ್ತಿದ್ದೆ.

ತಿಂಗಳ ಮೇಲೆ ಮಗು ಮನೆಗೆ ಬಂತು. ಮೈ ಕೈ ತುಂಬಿಕೊಂಡ ಮೇಲೆ ಕೊಣನೂರಿನ ಹತ್ತಿರದ ನನ್ನ ತವರೂರಲ್ಲಿ ನಾಮಕರಣ. ತಟ್ಟೆಯಲ್ಲಿ ಅಕ್ಕಿ ಹರಡಿ ತಮ್ಮ ಉಂಗುರದಿಂದ ಹೆಸರು ಬರೆದ. ಮಗುವಿಗೆ ಕಪ್ಪು ಬಳೆ ತೊಡಿಸಲು ಕೊಣನೂರು ಸಂತೆಯ ಬಳೆಯಮ್ಮ ಬಂದಿದ್ದರು. ಮುಸಲ್ಮಾನರ ಹೆಂಗಸು, ನನಗೂ ಮೊದಲ ಬಳೆ ತೊಡಿಸಿದವರು. ತಟ್ಟೆಯ ಮೇಲೆ ಬಗ್ಗಿ ಓದಿ ಅವರ ಮುಖ ಅರಳಿತು.

“ಅಯ್ಯ, ನನ್ ಮೊಮ್ಮಗಳ ಹೆಸ್ರೇ ಮಡಗ್ತಾ ಇದ್ದೀರಲ್ಲವ್ವ!”

ನೆಂಟರಲ್ಲಿ ಗುಸುಗುಸು ಎದ್ದಿತು. ನಾನು ಸುಮ್ಮನಿರಬೇಕೋ ಬೇಡವೋ? ಮೊಬೈಲ್ ತೆಗೆದು “ಇದು ಸಂಸ್ಕೃತ” ಎಂದು ತೋರಿಸಿದೆ.

“ಅರಬ್ಬಿ ಕಣವ್ವ,” ಎಂದು ಅವರು ನಕ್ಕರು. “ನಮ್ ಕೂಸ್ಗೆ ಮೌಲ್ವಿಗಳ್ನ ಕೇಳಿ ಮಡಗಿದ್ದೇ ನಾನು.”

ನಾನು ಫೋನು ಮಾಡಿದ್ದ ನೆಂಟರೆಲ್ಲ ನನ್ನತ್ತಲೇ ನೋಡಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಅವ್ವ ಬಂದು ಅಂಗೈಯಿಂದ ಅಕ್ಕಿಯನ್ನು ನುಣ್ಣಗೆ ಸವರಿಬಿಟ್ಟಳು. ಹೆಸರು ಹೋಯಿತು.

“ಒಳ್ಳೇ ಹೆಸ್ರೇ ಕಣಕ್ಕ, ಇಲ್ಲ ಅನ್ನಕಿಲ್ಲ,” ಎಂದು ಬಳೆಯಮ್ಮನಿಗೆ ಸಮಾಧಾನ ಹೇಳಿದಳು. “ಆದ್ರೆ ನಮ್ ಮನೆದೇವ್ರು ಏನಂದ್ಕಂಡಾಳು?”

ಅವಳ ಹೆದರಿಕೆ ದೇವರದಲ್ಲ, ನೆಂಟರದು ಎಂದು ನಮಗೆಲ್ಲ ಗೊತ್ತಿತ್ತು. ತಮ್ಮನ ಹೆಂಡತಿ ತೊಟ್ಟಿಲ ಹಗ್ಗ ಹಿಡಿದುಕೊಂಡು ಕಣ್ಣೀರು ಹಾಕುತ್ತಿದ್ದಳು. ನನ್ನ ಜಂಬದಿಂದ ಈ ಹುಡುಗಿಗೆ ಇಂಥ ದಿನ ಅಳುವ ಹಾಗಾಯಿತಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಅವ್ವ ಸೊಸೆಯನ್ನು ನೋಡಿದಳು. ಬಳೆಯಮ್ಮನ ಕಡೆ ತಿರುಗಿ ಕೇಳಿದಳು: “ದೇವ್ರ ಕೊಡುಗೆ ಅಂತ ಅರ್ಥ ಯೋಳಿದ್ಲಲ್ಲ ಇವ್ಳು, ಅದಾದ್ರೂ ದಿಟವಾ?”

“ಅದೂ ಅಲ್ಲ ಕಣಕ್ಕ. ಅರಬ್ಬೀಲಿ ಅಂಗಂದ್ರೆ ನಿಗಾ ಮಾಡೋದು. ಒಂದ್ ಜೀವಾನ ಕಣ್ಣಲ್ಲಿ ಕಣ್ಣಿಟ್ಟು ಜ್ವಾಪಾನ ಮಾಡೋದು.”

ಅವ್ವನ ಅಂಗೈಗೆ ಇನ್ನೂ ನಾಲ್ಕು ಅಕ್ಕಿಕಾಳು ಅಂಟಿಕೊಂಡಿದ್ದವು. ಅವನ್ನು ತಟ್ಟೆಗೆ ಉದುರಿಸಿ ತಮ್ಮನಿಗೆ “ತಿರ್ಗಾ ಬರಿ ಕಣ್ಲಾ” ಎಂದಳು. ಆಮೇಲೆ ನಾನು ಏಳುವುದರೊಳಗೆ ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿಯೇಬಿಟ್ಟಳು.

“ಅವ್ವಾ! ಅದು ನನ್ನ ಹಕ್ಕು!”

“ಸುಮ್ಕಿರೇ,” ಎಂದಳು ಅವ್ವ, ತಲೆಯನ್ನೂ ಎತ್ತದೆ. “ನೀನು ಮೋಸಂಬಿ ತಂದೋಳು.”