ಅತ್ತಿಮರದ ಕೆಳಗಿನ ಕುದುರೆ

ಹೋದ ಜನವರಿಯಲ್ಲಿ ಪ್ರವಾಸಕ್ಕೆ ಬಂದಿದ್ದ ಒಂದು ಕುಟುಂಬವನ್ನು ಕರೆದುಕೊಂಡು ಚಿಕ್ಕಮಗಳೂರಿನಿಂದ ಹೊರಟಿದ್ದೆ. ಮೂಡಿಗೆರೆ ದಾಟಿ ಬಣಕಲ್ ಹತ್ತಿರವಾಗುತ್ತಿದ್ದಂತೆ ಯಾವುದೋ ತೋಟದ ಪಲ್ಪಿಂಗ್ ನೀರಿನ ವಾಸನೆ ಕಾರಿನೊಳಗೆ ನುಗ್ಗಿತು. ಕಾಫಿ ಹಣ್ಣಿನ ಸಿಪ್ಪೆ ಕೊಳೆತು ಹುಳಿಯಾಗುವ ವಾಸನೆ. ಹಿಂದೆ ಕೂತವರು ಮೂಗು ಮುಚ್ಚಿಕೊಂಡು ಗಾಜು ಏರಿಸಿದರು. ನಾನು ನನ್ನ ಕಡೆಯದನ್ನು ಪೂರ್ತಿ ಇಳಿಸಿದೆ. ಸುಗ್ಗಿಯ ತಿಂಗಳುಗಳಲ್ಲಿ ನಾನು ಮೊದಲು ಕೆಲಸ ಮಾಡಿದ ತೋಟದ ರೈಟರ ಅಂಗಿಯಿಂದ ಬರುತ್ತಿದ್ದದ್ದು ಇದೇ ವಾಸನೆ... ಅವರು ನೆನಪಾದಾಗಲೆಲ್ಲ ನನಗೆ ಮೊದಲು ನಾಚಿಕೆಯಾಗುತ್ತದೆ, ದುಃಖ ಆಮೇಲೆ ಬರುತ್ತದೆ. ಒಂದು ಸುಳ್ಳು ಹೇಳಿ, ಅವರಿಗೆ ಈ ಲೋಕದಲ್ಲಿ ಉಳಿದಿದ್ದ ಒಂದೇ ಒಂದು ಜಾಗವನ್ನು ಕಿತ್ತುಕೊಂಡವಳು ನಾನು. ಅವತ್ತು ನಾವು ಹೋಗಬೇಕಿದ್ದದ್ದು ಅದೇ ತೋಟಕ್ಕೆ. ಒಂಬತ್ತು ವರ್ಷಗಳಿಂದ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಈ ಸಲ ನೆಪ ಸಿಗಲಿಲ್ಲ.

ತೋಟದಲ್ಲಿ ಆಳುಗಳ ಹಾಜರಿ, ಗೊಬ್ಬರ, ಮಳೆ ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡುವವರನ್ನು ನಮ್ಮ ಕಡೆ ರೈಟರು ಎನ್ನುತ್ತಾರೆ. ಇವರು ಮೀಸೆ ಚಿಗುರುವ ವಯಸ್ಸಿನಲ್ಲಿ ಆ ತೋಟಕ್ಕೆ ಬಂದವರು. ಕಣ್ಣು ಮಂಜಾಗಿ ಬರೆಯುವ ಕೆಲಸ ಬಿಡುವ ಹೊತ್ತಿಗೆ ಸಾಹುಕಾರರು ಹೋಂಸ್ಟೇ ಶುರು ಮಾಡಿದರು. ಬಂದವರಿಗೆ ತೋಟ ತೋರಿಸಲಿ ಎಂದು ಇವರನ್ನು ಉಳಿಸಿಕೊಂಡರು, ಜೊತೆಗೆ ನನ್ನನ್ನು ಸೇರಿಸಿದರು. ನನ್ನ ಅಪ್ಪನದು ಬಣಕಲ್‌ನಲ್ಲಿ ಪಂಕ್ಚರ್ ಅಂಗಡಿ. ನಾನು ಆಗಷ್ಟೇ ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದೆ. ರೈಟರಿಗೆ ತೋಟದ ಒಂದೊಂದು ಗಿಡವೂ ಗೊತ್ತಿತ್ತು, ಇಂಗ್ಲಿಷ್ ಮಾತಾಡಲು ಬಾಯಿ ಏಳುತ್ತಿರಲಿಲ್ಲ. ನನಗೆ ಇಂಗ್ಲಿಷ್ ಬರುತ್ತಿತ್ತು, ಬೇರೇನೂ ಗೊತ್ತಿರಲಿಲ್ಲ. ಹೀಗೆ ಇಬ್ಬರೂ ಸೇರಿ ಒಬ್ಬ ಗೈಡ್ ಆದೆವು.

ಆ ಕೆಲಸಕ್ಕೆ ಅವರಷ್ಟು ಒಗ್ಗದ ಮನುಷ್ಯರು ಇನ್ನೊಬ್ಬರಿರಲಿಕ್ಕಿಲ್ಲ. ಈ ಮರಕ್ಕೆ ಎಷ್ಟು ವರ್ಷ ಎಂದು ಯಾರಾದರೂ ಕೇಳಿದರೆ, ತಾನು ಬರುವಾಗಲೇ ಇಷ್ಟು ದಪ್ಪ ಇತ್ತು ಎನ್ನುತ್ತಿದ್ದರು. ಹುಲಿ ಇದೆಯಾ ಎಂದರೆ, ತಾನು ಅದನ್ನು ಕಂಡಿಲ್ಲ, ಅದು ತನ್ನನ್ನು ಕಂಡಿದ್ದರೆ ಗೊತ್ತಿಲ್ಲ ಎನ್ನುತ್ತಿದ್ದರು. ತಮಾಷೆಗೆ ಹೇಳಿದ್ದಲ್ಲ, ಅವರು ಇದ್ದದ್ದೇ ಹಾಗೆ. ಮಳೆಯ ವಿಷಯ ಬಂದರೆ ಮಾತ್ರ ಮುಖ ಅರಳುತ್ತಿತ್ತು. ದಿನಾ ಬೆಳಿಗ್ಗೆ ಮಳೆ ಅಳೆದು ಬರೆದವರಲ್ಲವೇ, ಯಾವ ವರ್ಷ ಯಾವ ತಿಂಗಳು ಎಷ್ಟು ಇಂಚು ಬಿತ್ತು ಎನ್ನುವುದು ನಾಲಗೆಯ ತುದಿಯಲ್ಲಿತ್ತು. ಅದನ್ನು ನಾನು ಇಂಗ್ಲಿಷಿಗೆ ತಿರುಗಿಸುವಷ್ಟರಲ್ಲಿ ಅತಿಥಿಗಳು ಆಕಳಿಸುತ್ತಿದ್ದರು.

ನಾನು ಎರಡೇ ತಿಂಗಳಲ್ಲಿ ಸುಳ್ಳು ಕಲಿತೆ. ಬಾಬಾಬುಡನ್‌ಗಿರಿಗೆ ಏಳು ಕಾಫಿ ಬೀಜ ಬಂದ ಕತೆಯನ್ನು ಎಲ್ಲ ಗೈಡುಗಳೂ ಹೇಳುತ್ತಾರೆ. ಅದರಲ್ಲೊಂದು ಜಾರಿ ನಮ್ಮ ತೋಟದಲ್ಲೇ ಬಿತ್ತು ಎಂದು ನಾನು ಸೇರಿಸಿಬಿಟ್ಟೆ. ಜನ ಚಪ್ಪಾಳೆ ತಟ್ಟಿದರು. ರೈಟರು ಪಕ್ಕದಲ್ಲೇ ನಿಂತಿದ್ದರು. ಎಲ್ಲರೂ ಮುಂದೆ ಹೋದ ಮೇಲೆ, ಜಾರಿದ್ದನ್ನು ನೋಡಿದವರು ಯಾರು ಎಂದು ಮೆಲ್ಲಗೆ ವಿಚಾರಿಸಿದರು. ನಾನು ನಕ್ಕು ಹಾರಿಸಿದೆ.

ಅವರದೊಂದು ಹಟವಿತ್ತು. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯಿಂದ ಅತಿಥಿಗಳ ಕಾಟೇಜಿಗೆ ಹಳ್ಳದ ಪಕ್ಕದ ಒಳದಾರಿ ಹಿಡಿದರೆ ಐದು ನಿಮಿಷ. ರೈಟರು ಯಾವತ್ತೂ ಅತಿಥಿಗಳನ್ನು ಆ ದಾರಿಯಲ್ಲಿ ತರುತ್ತಿರಲಿಲ್ಲ. ಗುಡ್ಡ ಸುತ್ತಿಸಿ ಅರ್ಧ ಗಂಟೆ ನಡೆಸುತ್ತಿದ್ದರು. ಕೇಳಿದರೆ, ಅಲ್ಲಿ ಇಂಬಳ ಕಚ್ಚುತ್ತವೆ ಎಂಬ ಉತ್ತರ, ಇಂಬಳ ಎಂದರೆ ಜಿಗಣೆ. ಬೇಸಿಗೆಯಲ್ಲಿ ಎಲ್ಲಿಯ ಇಂಬಳ ಎಂದು ಕೇಳುವಷ್ಟು ಬುದ್ಧಿ ನನಗಿರಲಿಲ್ಲ. ಅವರು ಊರಿಗೆ ಹೋಗಿದ್ದ ಒಂದು ದಿನ ಅತಿಥಿಗಳು ಸುಸ್ತಾಗಿದ್ದರು, ನಾನು ಒಳದಾರಿಗೆ ಇಳಿದೆ. ಅಲ್ಲೊಂದು ಅತ್ತಿಮರ. ಅದರ ಬುಡದಲ್ಲಿ ಚಪ್ಪಟೆ ಕಲ್ಲು, ಸುತ್ತ ಒಂದು ಕಳೆ ಇಲ್ಲದ ಹಾಗೆ ಚೊಕ್ಕಟ ಮಾಡಿದ ಜಾಗ. ಇದೇನು ಎಂದು ಯಾರೋ ಕೇಳಿದರು. ಇಂಗ್ಲಿಷ್ ದೊರೆಯೊಬ್ಬ ತನ್ನ ಬಿಳಿ ಕುದುರೆ ಸತ್ತಾಗ ಇಲ್ಲೇ ಮಣ್ಣು ಮಾಡಿದ, ಒಂದು ವಾರ ಅನ್ನ ಮುಟ್ಟಲಿಲ್ಲ ಎಂದುಬಿಟ್ಟೆ. ಹೇಳುತ್ತ ಹೇಳುತ್ತ ನನ್ನ ಕಣ್ಣೇ ಒದ್ದೆಯಾಯಿತು. ಅಂಥ ಮಳ್ಳಿ ನಾನು.

ಆ ಅತಿಥಿಗಳು ವಾಪಸ್ ಹೋಗಿ ಹೋಂಸ್ಟೇ ಬಗ್ಗೆ ಮೊಬೈಲಿನಲ್ಲಿ ಹೊಗಳಿ ಬರೆದರು. ಅದರಲ್ಲಿ ಊಟದ ಸುದ್ದಿಗಿಂತ ಕುದುರೆಯ ಸುದ್ದಿಯೇ ಹೆಚ್ಚು. ಮುಂದೆ ಬಂದವರು ಬ್ಯಾಗು ಇಳಿಸುವ ಮೊದಲೇ ಕುದುರೆ ಎಲ್ಲಿ ಎನ್ನತೊಡಗಿದರು. ಸಾಹುಕಾರರಿಗೆ ಖುಷಿಯೋ ಖುಷಿ. ಇನ್ನು ಮೇಲೆ ಪ್ರತಿ ತಂಡವನ್ನೂ ಅಲ್ಲಿಗೆ ಕರೆದುಕೊಂಡು ಹೋಗಬೇಕು, ರೈಟರಿಗೂ ಆ ಕತೆ ಹೇಳಿಕೊಡು ಎಂದು ನನಗೆ ಅವರ ಎದುರೇ ಅಪ್ಪಣೆಯಾಯಿತು. ರೈಟರು ತಲೆ ತಗ್ಗಿಸಿಕೊಂಡು ಹೊರಗೆ ಹೋದರು.

ಸಂಜೆ ಕಣದಲ್ಲಿ ಆಳುಗಳು ಸಿಪ್ಪೆ ಬಿಡಿಸಿ ಒಣಗಲು ಹಾಕಿದ್ದ ಪಾರ್ಚ್‌ಮೆಂಟ್ ಕಾಫಿಯನ್ನು ಗುಡ್ಡೆ ಮಾಡಿ ಟಾರ್ಪಾಲು ಹೊದಿಸುತ್ತಿದ್ದರು. ರೈಟರು ನನ್ನನ್ನು ಒಂದು ಪಕ್ಕಕ್ಕೆ ಕರೆದರು.

"ಆ ಕುದ್ರೆ ಕತೆ ಬಿಟ್ಬಿಡು ಮಾರಾಯ್ತಿ. ಅಲ್ಲಿರದು ನನ್ ಮಗಳು."

ಅವರು ಕಣದ ಕಡೆ ನೋಡುತ್ತಲೇ ಹೇಳಿದರು. ನಾಲ್ಕು ವರ್ಷದ ಮಗು, ಆಷಾಢದಲ್ಲಿ ಜ್ವರ ಹಿಡಿಯಿತು. ಅವತ್ತು ಒಂದೇ ದಿನ ಒಂಬತ್ತು ಇಂಚು ಮಳೆ. ಹಳ್ಳ ಏರಿ ಅದನ್ನು ದಾಟುವ ಕಾಲುಸಂಕ ಕೊಚ್ಚಿಕೊಂಡು ಹೋಗಿತ್ತು, ಮೂಡಿಗೆರೆಯ ಡಾಕ್ಟರ ಹತ್ತಿರ ಹೋಗಲು ಎರಡು ದಿನ ದಾರಿಯಿರಲಿಲ್ಲ. ಮೂರನೆಯ ದಿನ ಮಳೆ ಬಿಟ್ಟಾಗ ಹೋಗುವ ಅಗತ್ಯವಿರಲಿಲ್ಲ... ಈಗಿನ ಸಾಹುಕಾರರ ತಂದೆ, ಇಲ್ಲೇ ಇಟ್ಟುಬಿಡಿ ಎಂದರಂತೆ. ಇನ್ನೊಬ್ಬರ ಜಮೀನು, ಕಲ್ಲಿನ ಮೇಲೆ ಏನಾದರೂ ಬರೆಸಲು ಇವರಿಗೆ ಧೈರ್ಯ ಬರಲಿಲ್ಲ. ಬೆಳಿಗ್ಗೆ ಮಳೆ ಅಳೆಯಲು ಹೋಗುವಾಗ ಅಲ್ಲಿ ಒಂದು ಗಳಿಗೆ ನಿಂತು, ಕಳೆ ಕಿತ್ತು ಬರುವುದಷ್ಟೇ. ಮುಂದೆ ಅವರಿಗೆ ಮಕ್ಕಳಾಗಲಿಲ್ಲ, ಹೆಂಡತಿಯೂ ತೀರಿಕೊಂಡರು.

ಇದ್ಯಾವುದೂ ಗೊತ್ತಿಲ್ಲದ ಈಗಿನ ಸಾಹುಕಾರರಿಗೆ ನಿಜ ಹೇಳಿಬಿಡೋಣ ಎಂದೆ. ರೈಟರು ನನ್ನ ಕೈ ಹಿಡಿದುಕೊಂಡರು.

"ಬ್ಯಾಡ ಬ್ಯಾಡ. ಗೆಸ್ಟ್ ಮಲಗೋ ಜಾಗದತ್ರ ಇಂಥದ್ದು ಅಂತ ಗೊತ್ತಾದ್ರೆ ಕಲ್ಲನ್ನೇ ಕಿತ್ ಹಾಕ್ಸ್ತಾರೆ. ನೀನು ಹೇಳದು ನಿಲ್ಸು, ಸಾಕು. ಜನ ಮರೀತಾರೆ."

ಮಾತು ಕೊಟ್ಟೆ. ಕುದುರೆಯ ಬಗ್ಗೆ ಕೇಳಿದವರಿಗೆ ದಾರಿ ಕುಸಿದಿದೆ ಎಂದು ಹೇಳಿ ಇಪ್ಪತ್ತು ದಿನ ಉಳಿಸಿಕೊಂಡೆ. ಆಮೇಲೆ ಬೆಂಗಳೂರಿನಿಂದ ಒಂದು ದೊಡ್ಡ ತಂಡ ಬಂತು. ಸಾಹುಕಾರರ ಪರಿಚಯದವರು, ಹಾಗಾಗಿ ಸಾಹುಕಾರರೇ ಜೊತೆಗೆ ಹೊರಟು ಎಲ್ಲರನ್ನೂ ಅತ್ತಿಮರದ ಹತ್ತಿರ ನಿಲ್ಲಿಸಿದರು. ಹೇಳಮ್ಮ ಎಂದರು. ರೈಟರು ಎಲ್ಲರಿಗಿಂತ ಹಿಂದೆ, ಅತಿಥಿಗಳಿಗೆ ತೋರಿಸಲು ಕಿತ್ತ ಹಣ್ಣಿನ ಬುಟ್ಟಿ ಹಿಡಿದು ನಿಂತಿದ್ದರು. ನನಗೆ ಆ ಕೆಲಸ ಬೇಕಿತ್ತು, ಮನೆಯಲ್ಲಿ ಕಷ್ಟವಿತ್ತು ಎಂದು ಈಗ ಹೇಳಿಕೊಳ್ಳಬಹುದು. ನಿಜ ಅದಲ್ಲ. ಅಷ್ಟು ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು, ಅದು ನನಗೆ ಹಿತವಾಗಿತ್ತು. ಹೇಳಿದೆ. ಚೆನ್ನಾಗಿಯೇ ಹೇಳಿದೆ.

ಮುಗಿಸುವಷ್ಟರಲ್ಲಿ ಆ ತಂಡದ ಚಿಕ್ಕ ಹುಡುಗನೊಬ್ಬ ಕಲ್ಲಿನ ಮೇಲೆ ಹತ್ತಿ ಟಕ ಟಕ ಎಂದು ಕುದುರೆ ಓಡಿಸತೊಡಗಿದ. ಎಲ್ಲರೂ ನಕ್ಕು ಮೊಬೈಲು ಎತ್ತಿದರು. ರೈಟರು ಬುಟ್ಟಿ ಕೆಳಗಿಟ್ಟು ಜನರ ಮಧ್ಯೆ ದಾರಿ ಮಾಡಿಕೊಂಡು ಬಂದರು. ಹುಡುಗನ ಕಂಕುಳಿಗೆ ಎರಡೂ ಕೈ ಕೊಟ್ಟು ಎತ್ತಿದರು.

"ಇಳಿ ಮಗಾ, ಜಾರ್ತದೆ."

ಅಷ್ಟೇ. ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ನಾನು ಕಾಲು ಹಿಡಿದು ಅತ್ತು ಹಗುರಾಗುತ್ತಿದ್ದೆನೋ ಏನೋ. ಮಾರನೆಯ ದಿನದಿಂದ ಅವರು ನನ್ನನ್ನು 'ನೀವು' ಎಂದು ಕರೆಯತೊಡಗಿದರು. ಅವರ ಅರ್ಧ ವಯಸ್ಸೂ ಆಗದ ನನಗೆ, ಬನ್ನಿ, ಹೋಗಿ, ಕಾಫಿ ತಗೊಳ್ಳಿ... ಮಳೆ ಹಿಡಿಯುವ ಮೊದಲೇ ಕೆಲಸ ಬಿಟ್ಟರು. ಕಳಸದ ಕಡೆ ತಮ್ಮನ ಮಗಳ ಮನೆಗೆ ಹೋದರಂತೆ. ಹೋಗುವ ದಿನ ನಾನು ಬೇಕೆಂದೇ ಅತಿಥಿಗಳನ್ನು ಕರೆದುಕೊಂಡು ಗುಡ್ಡದ ಮೇಲಿದ್ದೆ, ಅವರ ಮುಖ ನೋಡುವ ಧೈರ್ಯವಿರಲಿಲ್ಲ. ಆ ವರ್ಷವೇ ನಾನೂ ಬಿಟ್ಟು ಚಿಕ್ಕಮಗಳೂರು ಸೇರಿ ಅಲ್ಲೇ ಗೈಡ್ ಆದೆ. ಎರಡು ವರ್ಷದ ನಂತರ ಅವರು ತೀರಿಕೊಂಡ ಸುದ್ದಿ ಅಪ್ಪನ ಅಂಗಡಿಗೆ ಬಂದ ಯಾರದೋ ಬಾಯಿಂದ ತಿಳಿಯಿತು.

ಹೋದ ಜನವರಿಯಲ್ಲಿ ನೋಡಿದಾಗ ಅತ್ತಿಮರದ ಬುಡಕ್ಕೆ ಸಿಮೆಂಟು ಕಟ್ಟೆ ಬಂದಿತ್ತು. ಕಲ್ಲಿಗೆ ಬಿಳಿ ಬಣ್ಣ, ಸುತ್ತ ಸರಪಳಿ, ಕೂರಲು ಬೆಂಚು, ಎರಡು ಭಾಷೆಯಲ್ಲಿ ಬರೆದ ಬೋರ್ಡು. ಕುದುರೆಗೆ ಹೆಸರೂ ಇಟ್ಟಿದ್ದರು. ಲಿಲ್ಲಿ ಅಂತೆ. ಅಲ್ಲಿನ ಹೊಸ ಗೈಡ್ ಅಮಾವಾಸ್ಯೆಯ ದಿನ ಅದರ ಗೊರಸಿನ ಸದ್ದು ಕೇಳುತ್ತದೆ ಎಂದ. ನನಗಿಂತ ಚೆನ್ನಾಗಿ ಹೇಳಿದ. ಅವನು ಮುಂದೆ ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. ನನ್ನ ಜೊತೆ ಬಂದಿದ್ದ ಹೆಂಗಸಿಗೆ, ಇಲ್ಲಿ ಕುದುರೆ ಇಲ್ಲ, ಅದನ್ನು ಹುಟ್ಟಿಸಿದವಳು ನಾನೇ ಎಂದು ಎಲ್ಲ ಹೇಳಿದೆ. ಆಕೆ ಮಗುವಿನ ಹೆಸರೇನು ಎಂದು ಕೇಳಿದರು.

ನಾನು ಕೇಳಿರಲಿಲ್ಲ. ಅವತ್ತು ಕಣದಲ್ಲಿ ಅವರು ಮಗಳು ಎಂದಷ್ಟೇ ಹೇಳಿದ್ದರು. ಹೆಸರು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಮನೆಗೆ ಬಂದ ಮೇಲೆ ಅವರನ್ನು ಇವರನ್ನು ಹಿಡಿದು, ಕಳಸದಲ್ಲಿರುವ ಅವರ ತಮ್ಮನ ಮಗಳ ನಂಬರು ಪತ್ತೆ ಮಾಡಿ ಫೋನು ಮಾಡಿದೆ. ನಾನು ಯಾರು ಎಂದು ತಿಳಿಸಿ, ರೈಟರ ಮಗಳ ಹೆಸರೇನು ಎಂದು ಕೇಳಿದೆ.

"ದೊಡ್ಡಪ್ಪಂಗೆ ಮಗ್ಳಿದ್ಲಾ?" ಎಂದರು.

ಇದ್ದಳು ಎಂದೆ. ಅದಕ್ಕಿಂತ ಹೆಚ್ಚು ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.