ಆಟದ ಚಾನೆಲ್ಲಿನ ಭಾವ

ಭಾವನ ಮುಂದಿನ ಹಲ್ಲೊಂದರ ತುದಿ ಸವೆದು ಸಣ್ಣ ಕಚ್ಚು ಬಿದ್ದಿತ್ತು. ಕೇಬಲ್ ವೈರಿನ ಕಪ್ಪು ಸಿಪ್ಪೆ ಸುಲಿಯಲು ಜೇಬಿನಲ್ಲಿ ಇಕ್ಕಳ ಇದ್ದರೂ ಅವರು ವೈರನ್ನು ಹಲ್ಲಿಗೇ ಕೊಡುತ್ತಿದ್ದರು. ಆ ಸಂದಿನಿಂದಾಗಿ ‘ಸಾರ್’ ಅನ್ನುವಾಗಲೆಲ್ಲ ಒಂದು ಸಿಳ್ಳೆ ಕೂಡಿಯೇ ಹೊರಬರುತ್ತಿತ್ತು. ಅರಸೀಕೆರೆಯ ಬಸ್ ನಿಲ್ದಾಣದಲ್ಲಿ ಬೆನ್ನು ತಿರುಗಿಸಿ ನಿಂತು ಮಾತಾಡುತ್ತಿದ್ದರೂ ಜನ ಗುರುತು ಹಿಡಿದು, “ಆಟದ ಚಾನೆಲ್ಲಿನೋರಲ್ವಾ?” ಎಂದು ಕೇಳುತ್ತಿದ್ದರು. ಅವರು ನಾಚಿಕೊಂಡು ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು.

ಅವರು ನನ್ನ ಅಕ್ಕನ ಗಂಡ. ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ ನನಗೆ ಹಾರನಹಳ್ಳಿಯ ಶಾಲೆಯಲ್ಲಿ ಟೀಚರಮ್ಮನ ಕೆಲಸ ಸಿಕ್ಕಿತು. ಹಳೇಬೀಡಿನ ನಮ್ಮ ಮನೆಯಿಂದ ದಿನಾ ಓಡಾಡುವುದು ಆಗದ ಮಾತಾದ್ದರಿಂದ ಅರಸೀಕೆರೆಯ ಅಕ್ಕನ ಮನೆಯಲ್ಲೇ ಉಳಿದೆ. ಭಾವನ ಮನೆತನದವರದ್ದು ಕೊಬ್ಬರಿ ಮಂಡಿ. ಅಣ್ಣಂದಿರು ಬೆಳಿಗ್ಗೆ ವಿಭೂತಿ ಧರಿಸಿ ಮಂಡಿಗೆ ಹೋಗಿ ಕೂತರೆ, ಇವರು ಏಣಿ ಹೆಗಲಿಗೇರಿಸಿ ಕಂಬದಿಂದ ಕಂಬಕ್ಕೆ ಕೇಬಲ್ ಎಳೆಯುತ್ತಿದ್ದರು. “ನಮ್ಮೋನು ಕೊಬ್ಬರಿ ಬಿಟ್ಟು ಕರಟ ಹಿಡ್ಕೊಂಡ” ಎಂದು ದೊಡ್ಡಣ್ಣ ಬಂದವರಿಗೆಲ್ಲ ಹೇಳುತ್ತಿದ್ದ. ಆ ಮಾತು ಹೇಳುವಾಗ ಆತನಿಗೆ ಸಿಗುತ್ತಿದ್ದ ಸಂತೋಷ ನನಗೆ ಇವತ್ತಿಗೂ ಸಹ್ಯವಿಲ್ಲ.

ಆಗ ಊರಿನಲ್ಲಿ ಕೇಬಲ್ಲಿನವರಿಗೇನೂ ಬರವಿರಲಿಲ್ಲ. ಒಬ್ಬೊಬ್ಬರಿಗೂ ಒಂದೊಂದು ವಿಡಿಯೋ ಚಾನೆಲ್, ಎಲ್ಲದರಲ್ಲೂ ಅದೇ ಸಿನಿಮಾ. ಒಬ್ಬರು ಅರ್ಧ ಗಂಟೆ ಮೊದಲು ಹಾಕಿದರೆ ಇನ್ನೊಬ್ಬರು ಆಮೇಲೆ ಹಾಕುತ್ತಿದ್ದರು. ಒಂದು ಮನೆಯಲ್ಲಿ ಸತ್ತ ಹೀರೋ ಪಕ್ಕದ ಮನೆಯಲ್ಲಿ ಇನ್ನೂ ಪ್ರೀತಿಸುತ್ತಿರುತ್ತಿದ್ದ. ಭಾವನಿಗೆ ಇದು ಬೇಸರ. “ಎಲ್ಲಾರೂ ಹಾಕೋದನ್ನೇ ನಾನೂ ಹಾಕಿದ್ರೆ ನಾನ್ಯಾಕೆ ಬೇಕು? ನಂದೂ ಅಂತ ಒಂದು ಇರ್ಬೇಕು” ಎನ್ನುತ್ತಿದ್ದರು. ಒಮ್ಮೆ ಬೆಂಗಳೂರಿಗೆ ಕೇಬಲ್ ಸಾಮಾನು ತರಲು ಹೋದವರು, ಟಿವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮಿನ ಪೆಟ್ಟಿಗೆಯೊಂದನ್ನೂ ಹೊತ್ತು ತಂದರು.

ಅದರಲ್ಲಿ ಟೋಪಿ ಹಾಕಿದ ಕುಳ್ಳ ಬೊಂಬೆಯೊಂದು ಓಡುತ್ತಾ, ಗುಂಡಿ ಬಂದಲ್ಲಿ ಹಾರಬೇಕು. ಭಾವನ ಯೋಚನೆ ಸರಳವಾಗಿತ್ತು. ಮಹಡಿಯ ಕೋಣೆಗೆ ಬೇರೆಯದೇ ಫೋನ್ ಹಾಕಿಸಿ, ಅಲ್ಲಿ ಕೂತು ಆ ಆಟವನ್ನು ತಮ್ಮ ಚಾನೆಲ್ಲಿನಲ್ಲಿ ಬಿಡುವುದು. ನೋಡುವವರು ಮನೆಯಿಂದ ಫೋನ್ ಮಾಡಿ “ಓಡ್ಸಿ, ನಿಲ್ಸಿ, ಹಾರ್ಸಿ” ಎಂದು ಹೇಳುವುದು, ಅವರು ಹೇಳಿದ ಹಾಗೆ ಭಾವ ಬಟನ್ ಒತ್ತುವುದು. ಅಡಿಯಲ್ಲಿ ಅವತ್ತಿನ ಕೊಬ್ಬರಿ ರೇಟು ಓಡುತ್ತಿರುತ್ತದೆ, ಅದಕ್ಕಾದರೂ ಜನ ನೋಡಿಯಾರು ಎಂಬ ಆಸೆ. ಫೋನ್ ಎತ್ತಿ, ಹೆಸರು ಬೀದಿ ಕೇಳಿ, ರಿಸೀವರನ್ನು ಮೈಕಿಗೆ ಹಿಡಿಯುವ ಕೆಲಸ ನನ್ನದು. ತರಗತಿಯಲ್ಲಿ ಹಿಂದಿನ ಬೆಂಚಿಗೆ ಕೇಳುವಷ್ಟು ದನಿ ಇರದ ನನ್ನನ್ನು ಇಡೀ ಊರಿಗೆ ಮಾತಾಡಲು ಕೂರಿಸಿದರು. “ಮದುವೆಯಾದ ಗಂಡಸು ಬೊಂಬೆ ಕುಣಿಸ್ಕೊಂಡು ಕೂರೋದು ನೋಡೋಕೆ ಯಾರ್ ಬತ್ತಾರ್ರೀ?” ಎಂದು ಅಕ್ಕ ಗೊಣಗಿದಳು.

ಮೊದಲ ಸಂಜೆ ಅವಳ ಮಾತೇ ನಿಜವಾಯಿತು. ಫೋನ್ ಬಾಯಿ ಬಿಡಲಿಲ್ಲ. ನಾವೇ ಆಡೋಣ ಎಂದೆ. ಭಾವ ಒಪ್ಪಲಿಲ್ಲ. “ಆಟ ಅವ್ರದು ಕಣಮ್ಮ, ಕೈ ಮಾತ್ರ ನಂದು. ಯಾರೂ ಹೇಳ್ದೆ ಒತ್ತಲ್ಲ.” ಆ ಬೊಂಬೆಗೋ ಇಂತಿಷ್ಟು ಹೊತ್ತು ಎಂದಿರುತ್ತದೆ, ಅದು ಮುಗಿದರೆ ತಾನೇ ಸಾಯುತ್ತದೆ, ಮತ್ತೆ ಮೊದಲಿನಿಂದ ನಿಲ್ಲುತ್ತದೆ. ಊರವರು ನೋಡಿದ್ದರೆ ಅವತ್ತು ನೋಡಿದ್ದು ಸುಮ್ಮನೆ ನಿಂತು ನಿಂತು ಸಾಯುತ್ತಿದ್ದ ಬೊಂಬೆಯನ್ನು.

ಕೊನೆಗೊಂದು ಫೋನ್ ಬಂತು. ದಪ್ಪ ಮಾಡಿಕೊಂಡ ಹೆಂಗಸಿನ ದನಿ. “ಹಾಸನ ರೋಡಿಂದ ಮಾತಾಡ್ತಿರೋದು. ಬೊಂಬೇನ ಓಡ್ಸಿ.” ಹಿಂದೆಯೇ ಕುಕ್ಕರಿನ ಸಿಳ್ಳೆ ಕೇಳಿತು, ಫೋನಿನಲ್ಲೂ, ನಮ್ಮ ಮನೆಯ ಮೆಟ್ಟಿಲ ಕಡೆಯಿಂದಲೂ. ನಾನು ನಗು ತಡೆಯಲು ಸೆರಗು ಕಚ್ಚಿಕೊಂಡೆ. ಭಾವ ಗಂಭೀರವಾಗಿ, “ಆಗ್ಲಿ ಮೇಡಂ” ಎಂದು ಓಡಿಸಿದರು. ಗುಂಡಿ ಬಂತು. “ಅಯ್ಯೋ, ಗುಂಡಿ ಗುಂಡಿ” ಎಂದಳು ಅಕ್ಕ. ಬೊಂಬೆ ನೆಟ್ಟಗೆ ಹೋಗಿ ಗುಂಡಿಗೆ ಬಿತ್ತು. “ನೀವು ಹಾರ್ಸಿ ಅನ್ಲಿಲ್ವಲ್ಲ ಮೇಡಂ” ಎಂದರು ಭಾವ. ಊಟಕ್ಕೆ ಕೂತಾಗ ಇಬ್ಬರೂ ಆ ಮಾತೆತ್ತಲಿಲ್ಲ. ಭಾವನಿಗೆ ಮಾತ್ರ ಅವತ್ತು ತುಪ್ಪ ಧಾರಾಳವಾಗಿ ಬಿತ್ತು.

ಆಮೇಲೆ ಮಕ್ಕಳು ಹಿಡಿದರು, ಮಕ್ಕಳ ಹಿಂದೆ ಅಜ್ಜಂದಿರು. ರೈಲ್ವೆ ಕ್ವಾರ್ಟರ್ಸಿನ ಹತ್ತಿರ ಮನೆ ಮಾಡಿಕೊಂಡಿದ್ದ ನಿವೃತ್ತ ರೈಲು ಡ್ರೈವರೊಬ್ಬರು ದಿನಾ ಫೋನ್ ಮಾಡುತ್ತಿದ್ದರು. ಅವರಿಗೆ ಹಾರಿಸುವುದಕ್ಕಿಂತ ನಿಲ್ಲಿಸುವುದರಲ್ಲೇ ಆಸಕ್ತಿ. “ನಿಲ್ಸಿ ಸ್ವಾಮಿ. ಮುಂದೆ ಲೈನ್ ಕ್ಲಿಯರ್ ಐತಾ ನೋಡನ” ಎನ್ನುತ್ತಿದ್ದರು. ಅಷ್ಟರಲ್ಲಿ ಹೊತ್ತು ಮುಗಿದು ಬೊಂಬೆ ಸಾಯುತ್ತಿತ್ತು. ಒಮ್ಮೆ ಆ ಯಜಮಾನರಿಗಾಗಿ ನೀವೇ ಒಂದು ಸಲ ಹಾರಿಸಿಬಿಡಬಾರದೇ ಎಂದು ಕೇಳಿದೆ. “ನಾನ್ ಹಾರ್ಸಿದ್ರೆ ಬೊಂಬೆ ಬದುಕುತ್ತೆ. ಅವ್ರು ಆಡ್ದಂಗೆ ಆಗುತ್ತಾ? ಬೀಳ್ಲಿ ಬಿಡು. ಬಿದ್ದು ಇನ್ನೊಂದ್ ಕಿತ ಫೋನ್ ಮಾಡ್ತಾರಲ್ಲ, ಅದೇ ಆಟ” ಎಂದರು. ಬೋರ್ಡಿನ ಮುಂದೆ ಮಗುವೊಂದು ಲೆಕ್ಕ ತಪ್ಪು ಮಾಡುತ್ತಾ ನಿಂತಾಗ ಅದರ ಕೈಯಿಂದ ಸೀಮೆಸುಣ್ಣ ಕಿತ್ತುಕೊಳ್ಳದೆ ಕಾಯುವುದನ್ನು ನಾನು ಕಲಿತಿದ್ದು ಟ್ರೈನಿಂಗ್ ಕಾಲೇಜಿನಲ್ಲಲ್ಲ, ಆ ಮಹಡಿಯ ಕೋಣೆಯಲ್ಲಿ.

ಇಷ್ಟಾದರೂ ಅವರಿಗೆ ನಂಬಿಕೆ ಮಾತ್ರ ಬರಲಿಲ್ಲ. ಫೋನ್ ಮಾಡುವವರು ಬೆರಳೆಣಿಕೆಯವರು, ಬಸ್ ನಿಲ್ದಾಣದಲ್ಲಿ ಗುರುತು ಹಿಡಿಯುವವರು ಚಾನೆಲ್ ತಿರುಗಿಸುವಾಗ ದನಿ ಕೇಳಿದವರಷ್ಟೇ, ಉಳಿದವರೆಲ್ಲ ಸಿನಿಮಾ ನೋಡುತ್ತಿದ್ದಾರೆ ಎಂಬ ಕೊರಗು. ಆಟ ಮುಗಿಸಿ ಮೆಟ್ಟಿಲಿಳಿದು ಬರುತ್ತಲೇ ಅಕ್ಕನನ್ನು ಕೇಳುತ್ತಿದ್ದರು, “ಬೀದೀಲಿ ಯಾರಾದ್ರೂ ನೋಡ್ತಿದ್ರಾ?” ಅಕ್ಕ, “ನಾನೇನ್ ಮನೆಮನೆ ಕಿಟಕಿ ಇಣುಕ್ತೀನಾ?” ಎನ್ನುತ್ತಿದ್ದಳು. ದಿನವೂ ಅದೇ ಪ್ರಶ್ನೆ, ಅದೇ ಉತ್ತರ.

ಒಂದು ಮುಂಗಾರು ಮಳೆಯಲ್ಲಿ ಗಾಳಿಗೆ ಹರಿದ ವೈರನ್ನು ಕಟ್ಟಲು ಹೋಗಿ ಭಾವ ಕಂಬದಿಂದ ಬಿದ್ದರು. ಬೆನ್ನುಮೂಳೆ ಮುರಿದಿತ್ತು. ಆಸ್ಪತ್ರೆಯಿಂದ ಮನೆಗೆ ಬಂದಾಗ ಕಾಲುಗಳಲ್ಲಿ ಜೀವವಿರಲಿಲ್ಲ. ಸಿನಿಮಾ ಚಾನೆಲ್ಲಿನವರೊಬ್ಬರು, ಇವರ ಆಟ ವಾರಕ್ಕೆ ಮುಚ್ಚುತ್ತದೆ ಎಂದು ನಕ್ಕಿದ್ದವರು, ತಾವೇ ಹುಡುಗರನ್ನು ಕಳಿಸಿ ನಮ್ಮ ಲೈನ್ ಸರಿಮಾಡಿಸಿದರು. ಆಟ ನಿಲ್ಲಿಸೋಣ ಎಂದಳು ಅಕ್ಕ. ಭಾವ ನನ್ನ ಕಡೆ ನೋಡಿದರು. “ನೀನ್ ಆಡ್ಸು. ನಿನ್ ಕೈ ಇರ್ಲಿ.”

ಹಾಗೆ ಕೈ ನನ್ನದಾಯಿತು. ಭಾವ ಕೆಳಗಿನ ಕೋಣೆಯಲ್ಲಿ ಮಲಗಿದ್ದಲ್ಲಿಂದಲೇ ಟಿವಿ ನೋಡುತ್ತಿದ್ದರು. ದಿನದ ಕೊನೆಯ ಫೋನ್ ಅವರದು. “ಹಾಸನ ರೋಡಿಂದ ಮಾತಾಡ್ತಿರೋದು” ಎಂದು ಶುರುಮಾಡುತ್ತಿದ್ದರು, ಅಕ್ಕನ ದನಿಯನ್ನೇ ಅಣಕಿಸುತ್ತಾ. ಆಗ ಅಕ್ಕ ಪಕ್ಕದಲ್ಲೇ ಕೂತು ರಿಸೀವರ್ ಹಿಡಿದಿರುತ್ತಿದ್ದಳು, ಅವರ ಕೈ ಸೋಲುತ್ತಿತ್ತು. ತಿಂಗಳು ಕಳೆದರೂ ಮಲಗಿ ಮಲಗಿ ಆದ ಬೆನ್ನಿನ ಹುಣ್ಣು ಮಾಯಲಿಲ್ಲ, ಜ್ವರ ಬಿಡಲಿಲ್ಲ. ‘ಸ’ದ ಸಿಳ್ಳೆ ಬರೀ ಉಸಿರಾಯಿತು. ನಾನು ಮಹಡಿಯಲ್ಲಿ ಒಬ್ಬಳೇ ಕೂತು ಅಳುತ್ತಾ ಬೊಂಬೆ ಓಡಿಸಿದ ಸಂಜೆಗಳಿವೆ. ಮೈಕಿಗೆ ಅದು ಕೇಳಿಸದಿರಲಿ ಎಂದು ಮುಖ ತಿರುಗಿಸಿಕೊಳ್ಳುತ್ತಿದ್ದೆ.

ಕೊನೆಯ ಸಂಜೆಯೂ ಫೋನ್ ಬಂತು. “ಓಡ್ಸು” ಎಂದರು. ಓಡಿಸಿದೆ. “ಹಾರ್ಸು” ಎಂದರು. ಹಾರಿಸಿದೆ. ಇನ್ನೊಂದು ದೊಡ್ಡ ಗುಂಡಿಯ ಅಂಚಿಗೆ ಬಂದಾಗ, “ನಿಲ್ಸು” ಎಂದರು. ನಿಲ್ಲಿಸಿದೆ. ಮುಂದಿನ ಮಾತಿಗೆ ಕಾದೆ. ಫೋನಿನಲ್ಲಿ ಫ್ಯಾನಿನ ಸದ್ದು ಮಾತ್ರ ಬರುತ್ತಿತ್ತು. ಹೆಬ್ಬೆರಳು ಒತ್ತಲು ತವಕಿಸುತ್ತಿತ್ತು. ಒತ್ತಲಿಲ್ಲ. ಅವರು ಹೇಳಿರಲಿಲ್ಲ.

ಆಮೇಲೆ ಅಕ್ಕನ ದನಿ ಬಂತು. “ಅಲ್ಲೇ ಇರ್ಲಿ ಕಣೇ. ಕೆಳಗ್ ಬಾ.”

ಮೈಕ್ ಆರಿಸುವುದೂ ನೆನಪಾಗದೆ ಇಳಿದು ಓಡಿದೆ. ಭಾವ ಹೋಗಿಬಿಟ್ಟಿದ್ದರು, ಮುಖ ಟಿವಿಯ ಕಡೆಗೇ ಇತ್ತು. ಟಿವಿಯಲ್ಲಿ ಬೊಂಬೆ ಹೊತ್ತು ಮುಗಿದು ಸತ್ತು, ಮತ್ತೆ ಮೊದಲಿನಿಂದ ನಿಂತಿತ್ತು. ಅದನ್ನು ಆರಿಸಬೇಕೆಂದು ನಮಗಿಬ್ಬರಿಗೂ ಹೊಳೆಯಲಿಲ್ಲ.

ನಾವು ಯಾರಿಗೂ ಹೇಳಿ ಕಳಿಸಿರಲಿಲ್ಲ. ಆದರೂ ಬಾಗಿಲಲ್ಲಿ ಚಪ್ಪಲಿಗಳ ಸದ್ದು ಶುರುವಾಯಿತು. ಹಿಂದಿನ ಬೀದಿಯವರು, ಬಸ್ ನಿಲ್ದಾಣದ ಕಡೆಯವರು, ಮಕ್ಕಳ ಕೈ ಹಿಡಿದ ತಾಯಂದಿರು, ನಾನು ಒಮ್ಮೆಯೂ ಫೋನಿನಲ್ಲಿ ದನಿ ಕೇಳಿರದ ಎಷ್ಟೋ ಜನ. ಅಂಗಳ ತುಂಬಿ ಬೀದಿಯಲ್ಲೂ ನಿಂತರು. ಕೊಬ್ಬರಿ ಮಂಡಿಯ ದೊಡ್ಡಣ್ಣ ಬಂದವನು ಆ ಜನರನ್ನು ನೋಡಿ ಹೊಸಿಲ ಹತ್ತಿರವೇ ಕುಸಿದು ಕೂತ.

ರೈಲು ಡ್ರೈವರ್ ಯಜಮಾನರು ಕೋಲೂರಿಕೊಂಡು ಒಳಗೆ ಬಂದರು. ಅಲ್ಲಿಯವರೆಗೆ ನಾವು ಅವರ ಮುಖ ಕಂಡಿರಲಿಲ್ಲ. ದನಿಯಿಂದಲೇ ಗುರುತಾಯಿತು. ಭಾವನ ಕಿವಿಯ ಹತ್ತಿರ ಬಗ್ಗಿ, “ನೋಡ್ತಿದ್ವಿ ಸ್ವಾಮಿ. ಎಲ್ಲಾರೂ ನೋಡ್ತಾನೇ ಇದ್ವಿ” ಎಂದರು.

ಅಕ್ಕ, “ಕೇಳುಸ್ತೇನ್ರೀ?” ಎಂದು ಭಾವನ ಭುಜ ಹಿಡಿದು ಅಲುಗಿಸಿದಳು.